ನಾನು ಬರೆಯದ ಸಾವಿರದ ನೂರಾ ಹನ್ನೆರಡು ಪುಸ್ತಕಗಳು

ಕಂಪ್ಯೂಟರನ್ನೇ ನಂಬಿದ ಗ್ರಂಥಾಲಯದ ಮುಖ್ಯಾಧಿಕಾರಿಗಳೇ,

ಏಳನೇ ಇಯತ್ತೆ ದಾಟದ ನನ್ನನ್ನು ನೀವು ಸಾವಿರದ ನೂರಾ ಹನ್ನೆರಡು ಪುಸ್ತಕಗಳ ಲೇಖಕನನ್ನಾಗಿ ಮಾಡಿದ್ದೀರಿ. ದಯವಿಟ್ಟು ಆ ಪದವಿಯಿಂದ ನನ್ನನ್ನು ಕೆಳಗಿಳಿಸಿ.

ನಾನು ರವಿವಾರ ಪೇಟೆಯಲ್ಲಿ ಪುಸ್ತಕ ಬೈಂಡಿಂಗ್ ಮಾಡುವವನು. ಮೂವತ್ತು ವರ್ಷ ನಿಮ್ಮ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟಿ, ಒಳಗಿನ ಮೊದಲ ಹಾಳೆಯ ಮೇಲೆ ನನ್ನ ಹೆಸರಿನ ಸಿಕ್ಕಾ ಒತ್ತಿದ್ದೇನೆ. ಹೊಲಿಗೆ ಬಿಚ್ಚಿದರೆ ಯಾರನ್ನು ಬೈಯಬೇಕೆಂದು ಗೊತ್ತಾಗಲಿ ಅಂತ. ಪುಸ್ತಕಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಿದ ನಿಮ್ಮ ಗುತ್ತಿಗೆಯ ಮಂದಿ ರಟ್ಟು ತೆರೆದರು, ಮೊದಲು ಕಂಡ ಹೆಸರನ್ನು ಲೇಖಕರ ಜಾಗಕ್ಕೆ ಹಾಕಿ ಮುಚ್ಚಿದರು. ಇನ್ನೊಂದು ಹಾಳೆ ತಿರುವಿದ್ದರೆ ಬೆರಳು ಸವೆಯುತ್ತಿತ್ತೇ? ಹೀಗೆ ನಾನು ಹೆರಿಗೆ ಶಾಸ್ತ್ರ, ಬೀಜಗಣಿತ, ಎಮ್ಮೆ ಸಾಕಣೆ ಎಲ್ಲದರಲ್ಲೂ ಪಂಡಿತನಾದೆ. ನನ್ನ ಹೆಂಡತಿ ನಿಂಗವ್ವ ಮೂರು ದಿನ ನಕ್ಕಳು. ನಾನೂ ನಕ್ಕೆ, ಖಾನಾಪುರದ ಹುಡುಗಿ ಮಯೂರಿ ತನ್ನ ಕಾಲೇಜಿನ ಪ್ರಬಂಧಕ್ಕೆ ರಟ್ಟು ಹಾಕಿಸಲು ಬರುವವರೆಗೆ.

ಅವಳಜ್ಜ ಭೀಮಗೊಂಡರು ಹನ್ನೊಂದು ವರ್ಷ ಊರೂರು ತಿರುಗಿ, ಹಗ್ಗ ಇಳಿಬಿಟ್ಟು ಬಾವಿಗಳ ಆಳ ಅಳೆದು ಪುಸ್ತಕ ಬರೆದವರು. ಮನೆಯ ಪ್ರತಿಗಳನ್ನು ಗೆದ್ದಲು ತಿಂದವು; ಉಳಿದದ್ದು ನಿಮ್ಮಲ್ಲಿರುವ ಒಂದೇ. ಎಂಬತ್ತಾರರ ಅಜ್ಜನಿಗೆ ಕಣ್ಣು ಪೂರ್ತಿ ಹೋಗುವ ಮೊದಲು ಅದನ್ನೊಮ್ಮೆ ನೋಡುವ ಆಸೆ. ಹುಡುಗಿ ಮೂರು ಸಲ ಬಸ್ಸು ಹತ್ತಿ ಬಂದು, ನಿಮ್ಮ ಕಂಪ್ಯೂಟರಿನಲ್ಲಿ ಅಜ್ಜನ ಹೆಸರು ಹುಡುಕಿ ಬರಿಗೈಲಿ ಹೋಗಿದ್ದಳು. "ಕಂಪ್ಯೂಟರಿನ್ಯಾಗ ಇಲ್ಲಂದ್ರ ಪುಸ್ತಕಾನ ಇಲ್ಲವ್ವಾ" ಎಂದರಂತೆ ನಿಮ್ಮ ಕೌಂಟರಿನವರು.

ಇಲ್ಲವೇ? ಅದಕ್ಕೆ ಹಸಿರು ಬಟ್ಟೆ ಹಾಕಿ ಹೊಲಿದವನು ನಾನು. "ಅಜ್ಜನ ಹೆಸರು ಬಿಡವಾ, ಬರೇ ಬಾವಿ ಅಂತ ಹೊಡಿ" ಎಂದೆ. ಅವಳು ಮೊಬೈಲಿನಲ್ಲೇ ನಿಮ್ಮ ಪಟ್ಟಿ ತೆರೆದಳು. ನಾಲ್ಕನೆಯದಾಗಿ ಪುಸ್ತಕ ಸಿಕ್ಕಿತು, ಕಪಾಟಿನ ನಂಬರಿನ ಸಮೇತ. ಲೇಖಕರು: ಗುರುಪುತ್ರಪ್ಪ. ಹುಡುಗಿ ನನ್ನ ಅಂಗಡಿಯ ಬೋರ್ಡು ನೋಡಿದಳು, ನನ್ನ ಮುಖ ನೋಡಿದಳು. "ಕಾಕಾ, ನಮ್ಮಜ್ಜನ ಪುಸ್ತಕಾ ನೀವ್ ಬರದ್ರೇನ್ರಿ?"

ಬದುಕಿನಲ್ಲಿ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಪುಸ್ತಕ ಖಾನಾಪುರ ಮುಟ್ಟಿತು. ಅಜ್ಜ ಅದನ್ನು ಸವರಿ, ಮೂಸಿ, "ಮೊಬೈಲಿನ್ಯಾಗ ನನ್ನ ಹೆಸರು ಹೆಂಗ ಬರತೈತಿ, ತೋರಿಸು" ಎಂದರಂತೆ. ಅಲ್ಲಿ ಅವರ ಹೆಸರಿನ ಜಾಗದಲ್ಲಿ ನಾನಿದ್ದೆ. ಮಯೂರಿ ಚಾರ್ಜ್ ಮುಗಿದಿದೆ ಎಂದು ಸುಳ್ಳು ಹೇಳಿದಳು. ಎಷ್ಟು ದಿನ ಹೇಳಬೇಕು?

ಪಟ್ಟಿಯಲ್ಲಿ ಎಲ್ಲ ಪುಸ್ತಕಗಳನ್ನೂ ಬರೆದವರ ಹೆಸರಿಗೆ ಮರಳಿಸಿ. ಮೊದಲು ಭೀಮಗೊಂಡರದನ್ನು, ಇದೇ ವಾರ. ಅವರ ಕಣ್ಣು ನಿಮ್ಮ ಟೆಂಡರಿಗೆ ಕಾಯುವುದಿಲ್ಲ. ಸಿಬ್ಬಂದಿ ಸಾಲದಿದ್ದರೆ ನನಗೊಂದು ಕುರ್ಚಿ ಹಾಕಿಸಿ. ಎರಡನೇ ಹಾಳೆ ತಿರುವಿ ಹೆಸರು ಓದಿ ಹೇಳುವಷ್ಟು ವಿದ್ಯೆ ನನಗಿದೆ.

ಇಂತಿ,
ಈ ಪತ್ರವೊಂದನ್ನು ಮಾತ್ರ ತಾನೇ ಬರೆದ
ಗುರುಪುತ್ರಪ್ಪ