ಪೇಟೆ ಸುತ್ತು

ಕುಷ್ಟಗಿ
೧೮-೧೧-೧೯೮೭

ಗೆಳೆಯ ಗವಿಸಿದ್ದಪ್ಪನಿಗೆ ದೇವೇಂದ್ರಪ್ಪನ ನಮಸ್ಕಾರ.

ನೀನೇ ಬರೆದು ಧಾರವಾಡದಿಂದ ಕಳಿಸಿದ ಕಂಪ್ಯೂಟರ್ ಆಟದ ಕ್ಯಾಸೆಟ್ಟು ದಸರೆಗೆ ಮುಂಚೆಯೇ ಮುಟ್ಟಿತು. ಮುಟ್ಟಿದೆ ಎಂದು ಒಂದು ಕಾರ್ಡು ಗೀಚಲಿಲ್ಲ. ಬೈದುಕೋ, ತಪ್ಪು ನನ್ನದೇ. ಇಲ್ಲಿ ನಾನು, ಕಳಕಮ್ಮ ಇದ್ದೇವೆ. ಮಗಳು ಪಂಪಾವತಿ ತೀರಿಕೊಂಡು ಮೂರು ವರ್ಷವಾದರೂ ಇವಳು ಗಂಗಾವತಿ ಬಸ್ಸು ಕಂಡರೆ ಮುಖ ತಿರುಗಿಸುತ್ತಾಳೆ. ಮಗಳನ್ನು ಕೊಟ್ಟ ಊರು.

ಸರಕಾರ ಶಾಲೆಗೆ ಕೊಟ್ಟ ಕಂಪ್ಯೂಟರಿಗೆ ಹೆಡ್‌ಮಾಸ್ತರರು ಊದಿನಕಡ್ಡಿ ಬೆಳಗಿ ಬೀಗ ಹಾಕಿಟ್ಟಿದ್ದರು. ನಾನೇ ಜಗಳಾಡಿ ತೆಗೆಸಿದೆ. ಕರೆಂಟು ಇದ್ದ ದಿನ ಟಿವಿಗೆ ಜೋಡಿಸಿ ಏಳನೆಯ ತರಗತಿಯನ್ನು ಕೂರಿಸಿದೆ. ಆನೆಗೊಂದಿಯಿಂದ ಹರಿಗೋಲಿನಲ್ಲಿ ಹೊಳೆ ದಾಟುವುದು, ಸುಂಕದವನ ಪ್ರಶ್ನೆಗೆ ಉತ್ತರ ಹೇಳಿ ವಿಜಯನಗರದ ಬಾಗಿಲು ತೆಗೆಸುವುದು, ಭಲೇ ಮಾಡಿದ್ದೀ. ಹಂಪಿಯನ್ನು ಬರೀ ಕಲ್ಲಾಗಿ ಕಂಡಿದ್ದ ಮಕ್ಕಳು ಅಲ್ಲಿ ಕುದುರೆ, ಮುತ್ತಿನಂಗಡಿ, ಜನ ಕಂಡು ತೆರೆದ ಬಾಯಿ ಮುಚ್ಚಲಿಲ್ಲ.

ತೊಂದರೆ ಇರುವುದು ಬಾಗಿಲ ಒಳಗೆ. ಆ ಯಂತ್ರಕ್ಕೆ ಕನ್ನಡದ ಲಿಪಿ ಬಾರದೆಂದು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದೀ. ‘ಪೇಟೆ ಸುತ್ತು’ (PETE SUTTU) ಎಂಬುದು ಆಟದಲ್ಲಿ ನೀನು ಕೊಡುವ ಅಪ್ಪಣೆ. ಇಂಗ್ಲಿಷಿನಲ್ಲಿ ತಕಾರಕ್ಕೂ ಟಕಾರಕ್ಕೂ ಒಂದೇ ಅಕ್ಷರ ಎಂಬುದು ನಿನಗೆ ಹೊಳೆಯಲಿಲ್ಲ. ದುರುಗವ್ವ ಎಂಬ ಚುರುಕು ಹುಡುಗಿ ಎದ್ದು ನಿಂತು ‘ಪೇಟೆ ಸುಟ್ಟು’ ಎಂದು ಓದಿದಳು.

“ಸರ್, ಯಾರು ಸುಟ್ರು? ನಾವು ಈಗಷ್ಟ ಬಂದೇವಲ್ರಿ” ಎಂದು ಕೇಳಿದಳು.

ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಟಿವಿ ಆರಿಸಿ ಹೊರಗೆ ಬಂದುಬಿಟ್ಟೆ. ತಿಂಗಳಾಯಿತು, ಆ ಕೋಣೆಗೆ ಕಾಲಿಟ್ಟಿಲ್ಲ. ಮಕ್ಕಳು ದಿನಾ ಕೇಳುತ್ತಾರೆ. ಕರೆಂಟಿಲ್ಲ ಎನ್ನುತ್ತೇನೆ, ತಲೆಯ ಮೇಲೆ ಫ್ಯಾನು ತಿರುಗುತ್ತಿರುತ್ತದೆ.

ಬರುವ ಹತ್ತನೆಯ ತಾರೀಖಿಗೆ ಇಲಾಖೆಯ ಸಾಹೇಬರ ತಪಾಸಣೆ ಇದೆ. ಅಷ್ಟರಲ್ಲಿ ಆಟ ಶುರುವಾಗದಿದ್ದರೆ ಯಂತ್ರವನ್ನು ಬೇರೆ ಶಾಲೆಗೆ ಒಯ್ಯುತ್ತಾರಂತೆ. ನಿನ್ನೆ ಹೆಡ್‌ಮಾಸ್ತರರು ಕರೆದು, “ಜಗಳಾಡಿ ತಗಿಸಿದವರು ನೀವ. ಈಗ ಅದನ್ನ ಕಂಡ್ರ ಯಾಕ ಅಂಜತೀರಿ?” ಎಂದರು. ನಾನು ಹಾಜರಿ ಪುಸ್ತಕ ಎತ್ತಿಕೊಂಡು ತರಗತಿಗೆ ಹೋದೆ.

ಆ ಒಂದು ಮಾತು ತಿದ್ದು, ಪುಣ್ಯಾತ್ಮಾ. ‘ಪೇಟೆ ನೋಡು’ ಎಂದು ಹಾಕಿ ಹೊಸ ಕ್ಯಾಸೆಟ್ಟನ್ನು ರಿಜಿಸ್ಟರ್ ಟಪಾಲಿನಲ್ಲಿ ಕಳಿಸು. ಮಕ್ಕಳ ಕೈಯಿಂದ ಆ ಊರನ್ನು ಕಸಿಯುವ ಪಾಪ ನನಗೆ ಬೇಡ.

ನಿನ್ನ ಮನೆಯವರಿಗೆ ನಮಸ್ಕಾರ. ಮಕ್ಕಳಿಗೆ ಆಶೀರ್ವಾದ, ಅವರನ್ನು ಹೆತ್ತ ಹೊಟ್ಟೆ ತಣ್ಣಗಿರಲಿ.

ನಿನ್ನ
ದೇವೇಂದ್ರಪ್ಪ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದೆ. ಮೂರು ವರ್ಷದ ಹಿಂದೆ ಗಂಗಾವತಿಯಿಂದ ಮಗಳ ನೆರೆಮನೆಯ ಮೈಮುನಬಿ ಕೊಡಿಸಿದ ತಂತಿಯೂ ಇಂಗ್ಲಿಷ್ ಅಕ್ಷರದ ಕನ್ನಡವೇ ಆಗಿತ್ತು, ಮಾತಿಗಿಷ್ಟು ದುಡ್ಡೆಂದು ಮೊಟಕು ಮಾಡಿದ್ದು. ‘ಪಂಪಾವತಿ ತಲೆ ಸುಟ್ಟು ಬನ್ನಿ.’ ನಾನು ಅದನ್ನು ‘ತಲೆ ಸುತ್ತು’ ಎಂದು ಓದಿದೆ. ಮದುವೆಯಾಗಿ ಎಂಟು ತಿಂಗಳಾದವಳಿಗೆ ತಲೆಸುತ್ತು ಎಂದರೆ ಇನ್ನೇನು? “ಮೊಮ್ಮಗ ಬರ್ತಾನ, ಕಳಕಮ್ಮ” ಎಂದೆ. ಅವಳು ಅಂಟಿನ ಉಂಡಿ ಕಟ್ಟಿದಳು, ಹಸಿರು ಬಳೆ ತಂದಳು. ಎರಡು ದಿನ ತಡೆದು ಹೊರಟೆವು. ಆ ಎರಡು ದಿನವೂ ಆಸ್ಪತ್ರೆಯಲ್ಲಿ ಪಂಪಾವತಿಗೆ ಜೀವ ಇತ್ತು. ಅವ್ವ ಬಂದಳೇ ಎಂದು ಕೇಳುತ್ತಿದ್ದಳಂತೆ. ನಾವು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು.

ತಲೆ ಸುತ್ತಿ ಸ್ಟೋ ಮೇಲೆ ಬಿದ್ದಳು, ಮೈಮುನಬಿ ಅರ್ಧ ಸುದ್ದಿ ಕಳಿಸಿದಳು ಎಂದು ಕಳಕಮ್ಮನಿಗೆ ಹೇಳಿದೆ. ನಿನಗೂ ಅದನ್ನೇ ಹೇಳಿದ್ದೆ. ಇಂದಿಗೂ ಅವಳು ಮೈಮುನಬಿಗೆ ಶಾಪ ಹಾಕುತ್ತಾಳೆ, ಎರಡು ಜೀವ ಹೋದವೆಂದು ಅಳುತ್ತಾಳೆ. ಹೊಟ್ಟೆಯಲ್ಲಿ ಕೂಸಿರಲಿಲ್ಲ ಎಂದು ಡಾಕ್ಟರರು ನನ್ನೊಬ್ಬನಿಗೇ ಹೇಳಿದ್ದರು. ಅದನ್ನು ಅವಳಿಗೆ ತಿಳಿಸಬೇಕೆಂದರೆ ಆ ತಂತಿಯನ್ನು ಸರಿಯಾಗಿ ಓದಿ ಹೇಳಬೇಕು.