ಮುದಿ ಗಾಳ್ಯಾನ ನಡಿಗೆ ದಿನ

ಮುಧೋಳ, ಒಳಪೇಟೆ
೩೦ ಫೆಬ್ರವರಿ ೨೩೧೮

ಮುದಿ ನಾಯಿಯನ್ನೋ ಬೆಕ್ಕನ್ನೋ ಮನೆಯಲ್ಲಿಟ್ಟುಕೊಂಡು ಸಾಕುತ್ತಿರುವ ನಿಮಗೆ,

ಮೇಲಿನ ದಿನಾಂಕ ತಪ್ಪಲ್ಲ. ನಮ್ಮ ಹಿರಿಯರು ಬೇಸಿಗೆಯ ತಿಂಗಳುಗಳಿಂದ ಕೆಲವು ದಿನ ಕಿತ್ತು ಚಳಿಯ ತಿಂಗಳಿಗೆ ಅಂಟಿಸಿದರು. ಅದರಿಂದ ಬಿಸಿಲೇನೂ ಕಡಿಮೆಯಾಗಲಿಲ್ಲ, ಫೆಬ್ರವರಿ ಮಾತ್ರ ಉದ್ದವಾಯಿತು. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ವಿಚಿತ್ರ ಅನ್ನಿಸಬಹುದು. ಕ್ಷಮಿಸಿ, ಹೇಳುತ್ತಲೇ ಬಿಡಿಸಿಯೂ ಹೇಳುತ್ತೇನೆ. ಈ ಪತ್ರ ಬರುತ್ತಿರುವುದು ಹಿಂದಂಚೆಯಲ್ಲಿ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಅದರಲ್ಲಿ ಔಷಧ, ಯಂತ್ರ ಯಾವುದೂ ಹೋಗುವುದಿಲ್ಲ, ಅಕ್ಷರ ಮಾತ್ರ ಹೋಗುತ್ತದೆ. ಉತ್ತರ ತರುವ ಅಂಚೆ ಇಲ್ಲ. ನೀವು ಬರೆದಿಟ್ಟದ್ದು ಕಾಲ ಸವೆದು ನಮ್ಮವರೆಗೆ ಉಳಿದು ಬಂದರೆ ಅದೇ ಉತ್ತರ.

ನಾನು ಸುಗಂಧಾ ಬಿದರಕುಂದಿ. ನಮ್ಮ ಮನೆಯ ನಾಯಿಯ ಹೆಸರು ಗಾಳ್ಯಾ. ಉದ್ದ ಕಾಲು, ಒಳಗೆ ಸೇರಿದ ಹೊಟ್ಟೆ, ನಿಮಗೂ ಗೊತ್ತಿರುವ ನಮ್ಮೂರಿನ ಬೇಟೆನಾಯಿಯ ಜಾತಿ. ನನ್ನವ್ವ ಮದುವೆಗೆ ಮೊದಲೇ ಸಾಕಿದ್ದು. ಅಂದರೆ ಗಾಳ್ಯಾ ನನಗಿಂತ ಹಿರಿಯ. ನೀವು ನಂಬಲಿಕ್ಕಿಲ್ಲ, ಆದರೆ ನಮ್ಮಲ್ಲಿ ನಾಯಿಗಳು ಮನೆಯ ತಾಮ್ರದ ಹಂಡೆಯ ಹಾಗೆ ತಾಯಿಯಿಂದ ಮಗಳಿಗೆ ಬರುತ್ತವೆ. ಮರುಗಡುವು ಎಂಬ ಚುಚ್ಚುಮದ್ದು ಇದೆ. ಕೊಡಿಸಿದರೆ ನಾಯಿಯ ಹೃದಯ, ಮೂತ್ರಪಿಂಡ, ಕಾಲಿನ ಸ್ನಾಯು ಮತ್ತೆ ಎಂಟು ವರ್ಷ ಗಟ್ಟಿ. ಮುಗಿದರೆ ಮತ್ತೆ ಕೊಡಿಸುವುದು. ಅವ್ವ ತೀರಿಕೊಳ್ಳುವಾಗ ನನ್ನ ಬಗ್ಗೆಯೂ ಏನೂ ಹೇಳಲಿಲ್ಲ, ಅಪ್ಪನ ಬಗ್ಗೆಯೂ ಏನೂ ಹೇಳಲಿಲ್ಲ, "ಗಾಳ್ಯಾನ ಕೈ ಬಿಡಬ್ಯಾಡವಾ" ಎಂದಷ್ಟೇ ಹೇಳಿದಳು. ನನಗೆ ಸಿಟ್ಟೂ ಬಂದಿತ್ತು. ಈಗ ಅವಳ ದನಿಯನ್ನು ಬಲ್ಲವರು ಈ ಮನೆಯಲ್ಲಿ ನಾನು ಮತ್ತು ಗಾಳ್ಯಾ, ಇಬ್ಬರೇ.

ತಾಳಿ. ಮತ್ತೆ ಕಪಾಟಿನ ಹಿಂದಿನ ಮೂಲೆಗೆ ಹೋಗಿ ಸಿಕ್ಕಿಕೊಂಡಿದ್ದಾನೆ. ಹಿಂದೆ ಸರಿಯುವುದು ಮರೆತುಹೋಗಿದೆ ಅವನಿಗೆ.

ಬಿಡಿಸಿ ಬಂದೆ. ಎಲ್ಲಿದ್ದೆ? ಹಾಂ, ಒಳಪೇಟೆ ಎಂದರೆ ಏನೆಂದು ಹೇಳಬೇಕಿತ್ತು. ಮೇಲೆ ಬದುಕಲಾಗದಷ್ಟು ಬಿಸಿಲಾದ ಮೇಲೆ ಊರನ್ನು ನೆಲದೊಳಗೆ ಕಟ್ಟಿಕೊಂಡಿದ್ದೇವೆ. ಓಣಿ, ಸಂತೆ, ಶಾಲೆ, ಗುಡಿ, ಮಸೀದಿ ಎಲ್ಲ ಒಳಗೇ. ತಲೆಯ ಮೇಲಿನ ಬಿರುಬಿಸಿಲಿನ ನೆಲಕ್ಕೆ ಮೇಲ್ಬಯಲು ಎನ್ನುತ್ತೇವೆ. ಕೆಲಸವಿದ್ದವರು ಮಾತ್ರ ಅಲ್ಲಿಗೆ ಹೋಗುತ್ತಾರೆ. ಒಳಗೆ ಓಣಿಗೂ ಮನೆಗೂ ಏಕಬೆಳಕು, ಅಂದರೆ ಯಾವ ಹೊತ್ತಿಗೂ ಏರದ, ಇಳಿಯದ, ಹಾಲಿನಂಥ ಬೆಳಕು. ಪಾಳಿಯ ಮೇಲೆ ದುಡಿಯುವ ಜನಕ್ಕೆ ಅದು ಅನುಕೂಲ. ಮಲಗುವವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗುತ್ತಾರೆ. ಇಷ್ಟರ ಮೇಲೆ ಇಲ್ಲಿ ಸಾಕಿದ ಪ್ರಾಣಿಗೆ ಯಾವುದಕ್ಕೂ ಕೊರತೆ ಇಲ್ಲ. ಗಾಳ್ಯಾನ ಕಾಲು ಜಾರಬಾರದೆಂದು ನೆಲಕ್ಕೆಲ್ಲ ಒರಟು ಚಾಪೆ ಹಾಸಿದ್ದೇನೆ. ಕುತ್ತಿಗೆ ಬಗ್ಗಿಸಿದರೆ ನೋವೆಂದು ಅನ್ನದ ತಟ್ಟೆಯನ್ನು ಮಣೆಯ ಮೇಲಿಡುತ್ತೇನೆ. ಹಲ್ಲು ಸವೆದಿರುವುದರಿಂದ ಮೆತ್ತಗಿನ ಗಂಜಿಗೆ ಮೊಟ್ಟೆ ಕಿವುಚಿ ಹಾಕುತ್ತೇನೆ. ಬೆಚ್ಚನೆಯ ನೀರಿನಲ್ಲಿ ಹತ್ತಿ ಅದ್ದಿ ಕಣ್ಣಿನ ಪಿಸುರು ಒರೆಸುತ್ತೇನೆ. ಉಗುರು ಬೆಳೆದರೆ ಪಾದ ವಾಲಿ ಸೊಂಟಕ್ಕೆ ಪೆಟ್ಟು ಬೀಳುತ್ತದೆ, ಅದನ್ನೂ ಕತ್ತರಿಸುತ್ತೇನೆ. ಮಹಾರುದ್ರ, ನನ್ನ ಗಂಡ, ತನ್ನ ಉಗುರಿನ ಕಡೆಗೆ ಯಾರೂ ನೋಡುವುದಿಲ್ಲವೆಂದು ರೇಗಿಸುತ್ತಾನೆ.

ಆದರೆ ಗಾಳ್ಯಾ ನಿಲ್ಲುವುದಿಲ್ಲ. ಬಾಗಿಲಿನಿಂದ ಅಡುಗೆಮನೆ, ಅಲ್ಲಿಂದ ಕಪಾಟು, ಅಲ್ಲಿಂದ ಬಾಗಿಲು. ಚಾಪೆಯ ಮೇಲೆ ಉಗುರಿನ ಸದ್ದು ನಮ್ಮ ಮನೆಯಲ್ಲಿ ಗಡಿಯಾರದ ಬದಲು ಇದೆ. ನಿದ್ದೆ ಬಂದರೆ ನಿಂತಲ್ಲೇ ತೂಕಡಿಸುತ್ತಾನೆ, ಬೆಚ್ಚಿ ಮತ್ತೆ ಹೊರಡುತ್ತಾನೆ. ಇದನ್ನು ನಾವು ಏನೆಂದು ತಿಳಿದೆವು ಗೊತ್ತೇ? ಆರೋಗ್ಯ ಎಂದು! ನಮ್ಮಲ್ಲಿ ನಡಿಗೆ ದಿನ ಎಂದು ಆಚರಿಸುತ್ತೇವೆ. ಹಳೆಯ ಗಡುವು ಮುಗಿದ ನಾಯಿಯನ್ನು ಓಣಿಯ ಈ ತುದಿಯಿಂದ ಆ ತುದಿಗೆ ನಡೆಸುತ್ತೇವೆ. ತನ್ನ ಕಾಲ ಮೇಲೆ ತಾನು ನಡೆದರೆ ಎಲ್ಲರೂ ಚಪ್ಪಾಳೆ ತಟ್ಟಿ ಹೋಳಿಗೆ ಹಂಚುತ್ತಾರೆ. ಮನೆಯವರು "ಇನ್ನೂ ಬೇಕು" ಎನ್ನುತ್ತಾರೆ, ವೈದ್ಯರು ಮರುಗಡುವು ಚುಚ್ಚುತ್ತಾರೆ. ಬೇಡ ಎಂದವರು ನಾನು ಕಂಡ ಹಾಗೆ ಯಾರೂ ಇಲ್ಲ. ನಡೆಯಲಾರದ ನಾಯಿಯನ್ನು ಊರಾಚೆಯ ವಿಶ್ರಾಂತಿ ಮನೆಯವರು ಬಂದು ಒಯ್ಯುತ್ತಾರೆ, ಆಮೇಲೆ ಅದರ ಸುದ್ದಿ ಯಾರೂ ಕೇಳುವುದಿಲ್ಲ. ಗಾಳ್ಯಾ ಪ್ರತಿ ಸಲವೂ ಗೆದ್ದ. ಎದುರುಮನೆಯ ಹುಲಿಗೆವ್ವ ಅತ್ತಿ ಸೆರಗಿನಿಂದ ದೃಷ್ಟಿ ತೆಗೆದು, "ಎಂಥಾ ಹುರುಪಲೇ ಇದಕ್ಕ! ನಮ್ಮ ಮನಿಯಾಂವ ಒಂದ ದಿನಾ ಹಿಂಗ ನಡದಿದ್ದ ನೋಡಲಿಲ್ಲ" ಎಂದು ಗಂಡನ ಕಡೆ ನೋಡಿದಳು. ಓಣಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಕಳೆದ ತಿಂಗಳು ಏಕಬೆಳಕಿನ ತಂತಿ ಬದಲಿಸಲು ನಮ್ಮ ಓಣಿಯ ದೀಪಗಳನ್ನು ಸ್ವಲ್ಪಸ್ವಲ್ಪವಾಗಿ ಇಳಿಸಿದರು. ಬೆಳಕು ಮೊದಲು ಹಳದಿಯಾಯಿತು, ಆಮೇಲೆ ಮಸುಕಾಯಿತು, ಕೊನೆಗೆ ಬಾಗಿಲ ಚೌಕಟ್ಟಿನ ಗೆರೆ ಮಾತ್ರ ಕಾಣುವಷ್ಟು ಉಳಿಯಿತು. ಜನ ಬೈಯತೊಡಗಿದರು. ಹುಲಿಗೆವ್ವ ಅತ್ತಿ ಕೊಡ ಎಡವಿ ಇಡೀ ಓಣಿಯ ಜನ್ಮ ಜಾಲಾಡಿದಳು. ನನಗೆ ಮಾತ್ರ ಬೇರೇನೋ ಕೇಳಿಸಿತು. ಉಗುರಿನ ಸದ್ದು ನಿಂತಿತ್ತು. ಗಾಳ್ಯಾ ಹೊಸ್ತಿಲ ಬಳಿ ಮುಂಗಾಲು ಮಡಚಿದ, ಹಿಂಗಾಲು ಮಡಚಿದ, ಒಂದು ನಿಟ್ಟುಸಿರು ಬಿಟ್ಟು ಗದ್ದವನ್ನು ನೆಲಕ್ಕಿಟ್ಟು ಮಲಗಿದ. ದೀಪ ಮರಳಿ ಬಂದ ಕೂಡಲೇ ಒದ್ದಾಡಿ ಎದ್ದು ಮತ್ತೆ ನಡೆಯಲು ಶುರುಮಾಡಿದ.

ಅವನು ಇಷ್ಟು ವರ್ಷ ಸಂಜೆಗಾಗಿ ಕಾಯುತ್ತಿದ್ದ ಎಂದು ನನಗೆ ಆಗ ಹೊಳೆಯಿತು. ಮರಿಯಾಗಿದ್ದಾಗ, ಕೆಲಸಕ್ಕೆ ಹೋಗುತ್ತಿದ್ದ ಅವ್ವನ ಜೊತೆ ಮೇಲ್ಬಯಲಿನಲ್ಲೇ ಹಗಲು ಕಳೆದ ನಾಯಿ ಅದು. ಹೊತ್ತು ಇಳಿದರೆ ಮನೆಗೆ ಬರುವುದು, ಮನೆಗೆ ಬಂದರೆ ಮಲಗುವುದು. ನಾವು ಅವನಿಗೆ ಎಲ್ಲ ಕೊಟ್ಟೆವು, ಹೊತ್ತು ಇಳಿಯುವುದನ್ನು ಮಾತ್ರ ಕಿತ್ತುಕೊಂಡೆವು. ಮಾತು ಬಾರದ ಜೀವ, ಯಾರ ಬಳಿ ಹೇಳೀತು? ಆ ದಿನ ಬಹಳ ಅತ್ತೆ.

ಅಂದಿನಿಂದ ದಿನಾ ಹೊತ್ತು ಮುಳುಗುವ ಮುಂಚೆ ಅವನನ್ನು ಎತ್ತಿಕೊಂಡು ಮೇಲ್ಬಯಲಿಗೆ ಹೋಗುತ್ತೇನೆ. ನೆಲ ಇನ್ನೂ ಕಾದಿರುತ್ತದೆ, ಒದ್ದೆ ಗೋಣಿಚೀಲ ಹಾಸುತ್ತೇನೆ. ಬಾನು ಕೆಂಪಾಗುತ್ತದೆ, ಗಾಳ್ಯಾ ಮಲಗುತ್ತಾನೆ. ಅವನು ಮಲಗಿದ ಮೇಲೆಯೇ ನಾನು ಅವನ ಮೈಯನ್ನು ಮೊದಲ ಸಲ ಸರಿಯಾಗಿ ಮುಟ್ಟಿ ನೋಡಿದ್ದು. ನಡೆಯುವ ನಾಯಿಯಲ್ಲಿ ಕಾಣದ್ದು ಮಲಗಿದ ನಾಯಿಯಲ್ಲಿ ಕಾಣುತ್ತದೆ. ಸೊಂಟ ಮುಟ್ಟಿದರೆ ತೊಡೆ ನಡುಗುತ್ತದೆ. ಪಕ್ಕೆಯ ಒಂದೊಂದು ಎಲುಬೂ ಕೈಗೆ ಸಿಗುತ್ತದೆ. ಏಳುವಾಗ ಸಣ್ಣಗೆ ಕುಂಯ್‌ಗುಡುತ್ತಾನೆ. ಅಷ್ಟು ದಣಿದಿದ್ದಾನೆ. ವೈದ್ಯೆ ಜಬೀನಾ ಬಂದು ನೋಡಿದರು. ಮರುಗಡುವು ಕಾಲಿಗೆ ಬಲ ಕೊಡುತ್ತದೆ, ಬುದ್ಧಿಗೆ ಕೊಡುವುದಿಲ್ಲ, ಸುಸ್ತನ್ನೂ ತೆಗೆಯುವುದಿಲ್ಲ ಎಂದರು. ಕೊಡಿಸದಿದ್ದರೆ ಮಳೆಗಾಲ ಕಾಣುವುದು ಅನುಮಾನವಂತೆ. ನೋವಿಗೆ ಔಷಧ ಕೊಡುತ್ತೇನೆ, ಮರುಗಡುವು ಬೇಕೋ ಬೇಡವೋ ಎಂಬ ಮಾತು ನಿಮ್ಮದು ಎಂದು ಹೇಳಿ ಹೋದರು.

ನಾಳೆ ಗಾಳ್ಯಾನ ನಡಿಗೆ ದಿನ. ಹುಲಿಗೆವ್ವ ಅತ್ತಿ ಆಗಲೇ ಬೇಳೆ ಬೇಯಿಸಲು ಇಟ್ಟಿದ್ದಾಳೆ, ವಾಸನೆ ಇಲ್ಲಿಗೆ ಬರುತ್ತಿದೆ. ಮಹಾರುದ್ರ ಬೆಳಿಗ್ಗೆಯಿಂದ ನನ್ನ ಮುಖ ನೋಡುತ್ತಿದ್ದಾನೆ. "ಉಣ್ಣತಾನ, ನಡೀತಾನ, ಇನ್ನೇನ ಬೇಕ ನಿನಗ? ನಿಮ್ಮವ್ವಗ ಕೊಟ್ಟ ಮಾತು ಏನಾತು?" ಎಂದ. ಕೆಟ್ಟ ಮನುಷ್ಯನಲ್ಲ. ನಾಯಿ ಹೋದರೆ ನಾನು ಏನಾಗುತ್ತೇನೋ ಎಂಬ ಹೆದರಿಕೆ ಅವನಿಗೆ. ನನಗೂ ಅದೇ ಹೆದರಿಕೆ. ಕುಳಿತಲ್ಲಿ ಕುಳಿತಿರಲಾರೆ, ನಾಲ್ಕು ಸಾಲು ಬರೆದು ಏಳುತ್ತೇನೆ, ಗಾಳ್ಯಾನ ಹಿಂದೆ ನಾನೂ ಬಾಗಿಲಿಂದ ಕಪಾಟಿಗೆ ತಿರುಗುತ್ತೇನೆ. ಕೈ ಬಿಡಬೇಡ ಎಂದಿದ್ದಳು ಅವ್ವ. ಹಿಡಿದುಕೊಂಡೇ ಕಳಿಸಿಕೊಡುವುದು ಕೈ ಬಿಟ್ಟ ಹಾಗಾಗುತ್ತದೆಯೇ? ಹೇಳುವವರು ಯಾರೂ ಇಲ್ಲ.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಕಾಲದ ನಾಯಿಗಳು ಹದಿನೈದು ವರ್ಷ ಬದುಕಿದರೆ ಹೆಚ್ಚು. ಮನೆಯಲ್ಲಿ, ನಿಮ್ಮ ಕಣ್ಣೆದುರು, ಅವು ಮುದಿಯಾದವು, ಹೋದವು. ನೀವು ಕಂಡವರು. ನಿಮ್ಮಿಂದ ಉಳಿದು ಬಂದ ಬರಹವನ್ನೆಲ್ಲ ಹುಡುಕಿಸಿ ನೋಡಿದೆ. ಟೋಪಿ ಹಾಕಿಕೊಂಡು ಕೇಕಿನ ಮುಂದೆ ಕುಳಿತ ನಾಯಿಗಳ ಚಿತ್ರ ರಾಶಿ ಇವೆ. ಮೈ ತೊಳೆಯುವ ಸೋಪು ಯಾವುದು ಒಳ್ಳೆಯದೆಂಬ ಜಗಳವೇ ನೂರಾರು ಪುಟ ಇದೆ. ಕೊನೆಯ ವರ್ಷದ ಬಗ್ಗೆ ಮಾತ್ರ ಒಂದು ಸಾಲಿನಲ್ಲಿ ದುಃಖ ಹೇಳಿ ಮುಗಿಸಿದ್ದೀರಿ. ನೊಂದಿದ್ದಿರಿ, ನನಗೆ ಅರ್ಥವಾಗುತ್ತದೆ. ಆದರೂ ದಯವಿಟ್ಟು ಬರೆದಿಡಿ. ಅನ್ನ ಬಿಟ್ಟಾಗ ಏನು ಕೊಟ್ಟಿರಿ, ಏಳಲಾರದಾಗ ಹೇಗೆ ಮಗ್ಗಲು ಬದಲಿಸಿದಿರಿ, ನೋವು ಯಾವುದು, ಬರೀ ವಯಸ್ಸು ಯಾವುದು, ಸಾಕು ಎಂದು ಹೇಗೆ ತಿಳಿಯಿತು. ನಿಮ್ಮ ಪ್ರಾಣಿ ಸುಮ್ಮನೆ ಸುತ್ತುತ್ತಿದ್ದರೆ ಚೆನ್ನಾಗಿದೆ ಎಂದು ಮೆಚ್ಚಿ ಸುಮ್ಮನಾಗಬೇಡಿ. ಕುಳಿತು ನೋಡಿ, ಮಲಗಿದಾಗ ಮುಟ್ಟಿ ನೋಡಿ.

ನಾಳೆ ಓಣಿಯವರೆಲ್ಲ ಸೇರಿದಾಗ ನಾನು ಬೇಡ ಎನ್ನುತ್ತೇನೆ. ಬರೆದಾಯಿತು, ಇನ್ನು ಅಳಿಸುವುದಿಲ್ಲ. ಅವನನ್ನು ವಿಶ್ರಾಂತಿ ಮನೆಗೆ ಕೊಡುವುದಿಲ್ಲ, ಕೊನೆಯವರೆಗೂ ಪಕ್ಕದಲ್ಲೇ ಇರುತ್ತೇನೆ. ಒಂದೇ ಒಂದು ಸಂಗತಿ ತಿಳಿಯುತ್ತಿಲ್ಲ. ಅವನ ಉಸಿರು ನಿಧಾನವಾಗತೊಡಗಿದಾಗ ಹೆಸರು ಹಿಡಿದು ಕರೆಯಬೇಕೋ ಬೇಡವೋ? ಮನೆ ಮರೆತಿದ್ದಾನೆ, ಬಾಗಿಲು ಮರೆತಿದ್ದಾನೆ, ಆದರೆ ಗಾಳ್ಯಾ ಎಂದರೆ ಈಗಲೂ ಎಲ್ಲಿದ್ದರೂ ಎದ್ದು ಬರಲು ನೋಡುತ್ತಾನೆ. ಆಗಲೂ ಏಳಲು ನೋಡುತ್ತಾನೆ, ನನಗೆ ಗೊತ್ತು. ಕರೆಯದೆ ಹೇಗೆ ಇರಲಿ?

ಸುಗಂಧಾ ಬಿದರಕುಂದಿ