ಮಂಜಿನಲ್ಲಿ ಕೂಗಿದ 'ರೀ'

ಭಾನುವಾರ, ಮಧ್ಯಾಹ್ನ

ರೀ,

ಮೊದಲು ಕೂತುಕೊಳ್ಳಿ. ಅಂಗಡಿಯಲ್ಲಿ ಗಿರಾಕಿಗಳಿದ್ದರೆ ಅವರನ್ನು ಕಳಿಸಿಯೇ ಓದಿ. ನಾನು ತಂಗಿಯ ಮನೆಯಲ್ಲಿಲ್ಲ. ಅಲ್ಲಿಗೆಂದು ಹೇಳಿ ಹೊರಟವಳು ಬಸ್ಸು, ಜೀಪು, ದೋಣಿ ಎಲ್ಲ ಹತ್ತಿ ಇಳಿದು, ಮಗಳು ಕೆಲಸ ಮಾಡುವ ಮಳೆಕಾಡಿನ ಲಾಡ್ಜಿಗೆ ಬಂದು ವಾರವಾಯಿತು. ನಿಮಗೆ ಮೂಗಿನ ತುದಿಯಲ್ಲೇ ಕೋಪ, ಗೊತ್ತು. ಆದರೂ ಪತ್ರ ಹರಿಯಬೇಡಿ. ಇಲ್ಲಿ ಫೋನ್ ಸಿಗುವುದಿಲ್ಲ, ಇನ್ನೊಂದು ಬರೆಯುವ ತಾಳ್ಮೆ ನನಗಿಲ್ಲ.

ಲಾಡ್ಜ್ ಎಂದರೆ ಅರಮನೆಯೇನಲ್ಲ. ಕಂಬಗಳ ಮೇಲೆ ನಿಂತ ಮರದ ಕೋಣೆಗಳು, ನಡುವೆ ಊಟದ ಪಡಸಾಲೆ. ಒಗೆದ ಬಟ್ಟೆ ಒಣಗುವ ಮಾತೇ ಇಲ್ಲ, ಉಪ್ಪು ಡಬ್ಬಿಯಲ್ಲೇ ನೀರಾಗುತ್ತದೆ. ಜಿಗಣೆಗಳಂತೂ ನಿಮ್ಮ ಕಡೆಯ ನೆಂಟರ ಹಾಗೆ, ಕರೆಯದೆ ಬಂದು ಹೊಟ್ಟೆ ತುಂಬಿಸಿಕೊಂಡೇ ಹೋಗುತ್ತವೆ. ಆದರೆ ಬೆಳಿಗ್ಗೆ ಮಂಜು ಸರಿದು ಮರಗಳು ಒಂದೊಂದಾಗಿ ಹೊರಬರುವುದನ್ನು ನೋಡುತ್ತ ನಿಂತರೆ ಕೈಯಲ್ಲಿನ ಕಾಫಿ ಆರಿದ್ದೂ ತಿಳಿಯುವುದಿಲ್ಲ. ಹಸಿರಿನಲ್ಲಿ ಇಷ್ಟೊಂದು ಬಗೆ ಇದೆಯೆಂದು ನನಗೆ ಈ ವಯಸ್ಸಿನಲ್ಲಿ ಗೊತ್ತಾಯಿತು. ಬದುಕಿದ್ದು ಸಾರ್ಥಕ ಅನ್ನಿಸಿತು ಕಣ್ರೀ.

ಇನ್ನು ನಿಮ್ಮ ಮಗಳು. ಕನ್ನಡಕದ ಅಂಗಡಿಯ ಬೋರ್ಡಿನಲ್ಲಿ ಅಷ್ಟು ಆಸೆಯಿಂದ 'ಮತ್ತು ಮಗಳು' ಎಂದು ಬರೆಸಿ, ಅವಳು ಕಾಡಿನ ಕೆಲಸಕ್ಕೆ ಹೊರಟ ದಿನ ಅದರ ಮೇಲೆ ಬಣ್ಣ ಬಳಿಸಿದಿರಲ್ಲ, ಅಂದಿನಿಂದ ಮಾತೂ ಬಿಟ್ಟಿರಲ್ಲ, ಅದೇ ಮಗಳು. ಇಲ್ಲಿ ಅವಳು ಮುಂದೆ ನಡೆದರೆ ಪ್ರವಾಸಿಗರೆಲ್ಲ ಉಸಿರು ಬಿಗಿಹಿಡಿದು ಹಿಂದೆ ನಡೆಯುತ್ತಾರೆ. ಉಗುರಿನಷ್ಟೂ ಇಲ್ಲದ ಕಪ್ಪೆ ಎಲೆಯಡಿ ಕೂತಿರುವುದು ಅವಳ ಕಣ್ಣಿಗೆ ಹೇಗೆ ಬೀಳುತ್ತದೋ! ಯಾರಾದರೂ ಹಾಗೆ ಕೇಳಿದರೆ, "ನೋಡೋದನ್ನ ಅಪ್ಪ ಕಲಿಸಿದ್ರು" ಅನ್ನುತ್ತಾಳಂತೆ. ದುರ್ಬೀನಿನ ಗಾಜನ್ನು ನಿಮ್ಮ ಹಾಗೆಯೇ ನಡುವಿನಿಂದ ಅಂಚಿಗೆ ಒರೆಸುತ್ತಾಳೆ. ಯಾರಾದರೂ ಅಂಗಿಯ ತುದಿಯಿಂದ ಒರೆಸಲು ಹೋದರೆ ನಿಮ್ಮ ಹಾಗೆಯೇ ಸಿಡುಕುತ್ತಾಳೆ. ನಿಜ ಹೇಳಲೇ? ನಾನು ಬಂದದ್ದು ಅವಳನ್ನು ಹೇಗಾದರೂ ಒಪ್ಪಿಸಿ ಮನೆಗೆ ಕರೆತರಲು. ಅವಳ ಕೆಲಸ ನೋಡಿದ ಮೇಲೆ ಆ ಮಾತು ಎತ್ತಲು ಮನಸ್ಸಾಗಲಿಲ್ಲ.

ಕಾಡಿನಲ್ಲಿ ದಾರಿ ತಪ್ಪಿದರೆ ನಿಂತಲ್ಲೇ ನಿಂತು ಜೊತೆಯವರ ಹೆಸರು ಹಿಡಿದು ಕೂಗಬೇಕೆಂದು ಅವಳು ಎಲ್ಲರಿಗೂ ಹೇಳಿಕೊಟ್ಟಿದ್ದಳು. ಮೊನ್ನೆ ಒಂದು ಹೂವು ನೋಡುತ್ತ ನಾನು ಹಿಂದೆ ಬಿದ್ದೆ. ತಲೆ ಎತ್ತಿದರೆ ಯಾರೂ ಇಲ್ಲ, ಬರೀ ಮಂಜು. ಬಾಯಿಂದ ಬಂದದ್ದು ಮಗಳ ಹೆಸರಲ್ಲ. "ರೀ! ರೀ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಮುಂದಿದ್ದವರೆಲ್ಲ ಯಾವುದೋ ಅಪರೂಪದ ಹಕ್ಕಿಯೆಂದು ದುರ್ಬೀನು ಎತ್ತಿದರಂತೆ. ಮಗಳು ಮಾತ್ರ "ಅಯ್ಯೋ, ಅದು ನಮ್ಮಮ್ಮ" ಎಂದು ಓಡಿಬಂದಳು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಗು ನಿಂತ ಮೇಲೆ ಎಲ್ಲೋ ನೋಡುತ್ತ ಕೇಳಿದಳು: "ನಾನು ಕೂಗಿದ್ರೆ ಅಪ್ಪ ಬರ್ತಾರಾ ಅಮ್ಮ?" ಉತ್ತರ ಕೊಡಬೇಕಾದವರು ನೀವು.

ವಾರದ ಬುಕಿಂಗ್ ಇವತ್ತಿಗೆ ಮುಗಿಯಿತು. ಗಂಟುಮೂಟೆ ಸಮೇತ ಮಗಳ ಕೋಣೆ ಸೇರಿಕೊಂಡಿದ್ದೇನೆ. ಕರೆದುಕೊಂಡು ಹೋಗಲು ನೀವೇ ಬರಬೇಕು. ಬಂದು ಒಂದು ಬೆಳಿಗ್ಗೆ ಅವಳ ಹಿಂದೆ ನಡೆದು ನೋಡಿ, ಅಷ್ಟು ಸಾಕು. ನಾಲ್ಕು ದಿನ ಅಂಗಡಿ ಮುಚ್ಚಿದರೆ ಊರಿನವರ ಕಣ್ಣೇನೂ ಹೋಗುವುದಿಲ್ಲ.

ನೀವು ಎಷ್ಟೇ ಸಿಟ್ಟಾದರೂ,
ನಿಮ್ಮವಳೇ

ವಿ.ಸೂ.: ಛತ್ರಿ ಹುಡುಕಲು ಉಗ್ರಾಣಕ್ಕೆ ಹೋಗಿದ್ದೆ. ಮೂಲೆಯಲ್ಲಿ ಒಂದು ಜೊತೆ ಹೊಸ ರಬ್ಬರ್ ಬೂಟು, ಹತ್ತನೇ ನಂಬರಿನದು. ಯಾರದೆಂದು ಅಡುಗೆಯವರನ್ನು ಕೇಳಿದೆ. ಮಗಳು ಕೆಲಸಕ್ಕೆ ಸೇರಿದ ಹೊಸದರಲ್ಲೇ ತಂದಿಟ್ಟದ್ದಂತೆ, ಎಂಥ ಅತಿಥಿ ಕೇಳಿದರೂ ಕೊಡುವುದಿಲ್ಲವಂತೆ, ಬೂಷ್ಟು ಹಿಡಿಯದಂತೆ ಆಗಾಗ ಒರೆಸಿಡುತ್ತಾಳಂತೆ. ನಾನು ಅವಳನ್ನು ಏನೂ ಕೇಳಲಿಲ್ಲ. ನಿಮ್ಮ ಕಾಲಿನ ಅಳತೆ ನನಗೆ ಗೊತ್ತಿಲ್ಲವೇ.